ಡೋಸಿಂಗ್ ಪಂಪಿಗೆ ಯಾವ ಫಿಲ್ಟರ್? ಮೈಕ್ರಾನ್ ಕೇಳುವ ಮೊದಲು ನೋಡಬೇಕಾದದ್ದು

ನೀರಿಗೆ ಕೆಮಿಕಲ್ಲನ್ನು ಅಳತೆ ಮಾಡಿ ಸ್ವಲ್ಪ ಸ್ವಲ್ಪವೇ ಹಾಕುವುದು ಡೋಸಿಂಗ್ ಪಂಪ್. ಅದರ ಲೈನಿಗೆ ಫಿಲ್ಟರ್ ಬೇಕು ಅಂತ ಅಂಗಡಿಗೆ ಫೋನ್ ಮಾಡಿದರೆ ಮೊದಲು ಬರುವ ಪ್ರಶ್ನೆ, 'ಎಷ್ಟು ಮೈಕ್ರಾನ್ ಸರ್?' ಅಂದರೆ ಜಾಲರಿಯ ಕಣ್ಣು ಮಿಲಿಮೀಟರಿನ ಸಾವಿರದ ಎಷ್ಟು ಪಾಲು ಅಂತ. ಅದೊಂದಕ್ಕೇ ಉತ್ತರ ಕೊಟ್ಟು ಫಿಲ್ಟರ್ ತರಿಸಿಕೊಂಡ ಪ್ಲಾಂಟ್‌ಗೆ ಕೆಲವು ತಿಂಗಳು ಬಿಟ್ಟು ಹೋಗಿ ನೋಡಿ. ಜಾಲರಿಯನ್ನು ತೆಗೆದು ಮೂಲೆಗೆ ಎಸೆದಿರುತ್ತಾರೆ. ಖಾಲಿ ಡಬ್ಬ ಮಾತ್ರ ಲೈನಿನಲ್ಲಿ ಉಳಿದಿರುತ್ತದೆ. ಇದರಲ್ಲಿ ಆಪರೇಟರ್‌ನ ತಪ್ಪೇನಿಲ್ಲ. ದಿನಕ್ಕೆರಡು ಸಲ ಕಟ್ಟಿಕೊಳ್ಳುವ ಫಿಲ್ಟರನ್ನು ರಾತ್ರಿ ಶಿಫ್ಟಿನಲ್ಲಿ ಒಬ್ಬನೇ ಇರುವವನು ಎಷ್ಟು ದಿನ ಅಂತ ಬಿಚ್ಚಿ ತೊಳೆಯುತ್ತಾನೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನುಣ್ಣಗೆ ಸೋಸುವ ಕೆಲಸ ಕೆಮಿಕಲ್ಲನ್ನು ಟ್ಯಾಂಕಿಗೆ ತುಂಬುವಾಗಲೇ ಮುಗಿದುಬಿಡಬೇಕು. ಪಂಪಿನ ಬಾಯಿಗೆ ಮೈ ದೊಡ್ಡದಿರುವ, ಕಣ್ಣು ದೊಡ್ಡದಿರುವ ಒಂದು ಸ್ಟ್ರೈನರ್ (ಕಸ ತಡೆಯುವ ಜಾಲರಿ ಡಬ್ಬ) ಸಾಕು. ಯಾವ ಕಂಪನಿ, ಎಷ್ಟು ಮೈಕ್ರಾನ್ ಅನ್ನೋದೆಲ್ಲ ಆಮೇಲಿನ ಮಾತು. ಪೀಣ್ಯದ ಪ್ಲೇಟಿಂಗ್ ಶಾಪಿನ ಇಟಿಪಿ (ಕಾರ್ಖಾನೆಯ ಕೊಳಕು ನೀರು ಶುದ್ಧೀಕರಿಸುವ ಘಟಕ) ಇರಲಿ, ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಮನೆಗಳ ಕೊಳಚೆ ನೀರು ಶುದ್ಧೀಕರಿಸುವ ಘಟಕ) ಇರಲಿ, ಆರ್‌ಒ ಪ್ಲಾಂಟ್, ಬಾಯ್ಲರ್, ಕೂಲಿಂಗ್ ಟವರ್ ಯಾವುದೇ ಇರಲಿ, ಈ ಮಾತು ಬಹುಪಾಲು ಎಲ್ಲ ಕಡೆಗೂ ಹೊಂದುತ್ತದೆ. ಹೊಂದದ ಕೆಲವು ಜಾಗಗಳೂ ಇವೆ, ಅವನ್ನೂ ಹೇಳುತ್ತೇನೆ.

ಒಂದು ಸ್ಟ್ರೋಕಿಗೆ ಹತ್ತು ಹನಿ

ಮೊದಲು ಫಿಲ್ಟರ್ ಯಾಕೆ ಬೇಕು ಅನ್ನೋದಕ್ಕೆ ಒಂದು ಲೆಕ್ಕ. ಗಂಟೆಗೆ 100 ಘನ ಮೀಟರ್ ನೀರಿಗೆ 3 ಪಿಪಿಎಂ (ಲೀಟರಿಗೆ 3 ಮಿಲಿಗ್ರಾಂ) ಕ್ಲೋರಿನ್ ಹಾಕಬೇಕು ಅಂದುಕೊಳ್ಳಿ. ಗಂಟೆಗೆ 300 ಗ್ರಾಂ ಕ್ಲೋರಿನ್ ಆಯಿತು. ಲೀಟರಿಗೆ 100 ಗ್ರಾಂ ಕ್ಲೋರಿನ್ ಇರುವ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಬಳಸಿದರೆ ಗಂಟೆಗೆ 3 ಲೀಟರ್ ಸಾಕು. ಡಯಾಫ್ರಂ ಪಂಪ್ (ಪೊರೆಯೊಂದು ಹಿಂದೆ ಮುಂದೆ ಆಡಿ ದ್ರವ ತಳ್ಳುವ ಪಂಪ್) ನಿಮಿಷಕ್ಕೆ 100 ಸ್ಟ್ರೋಕ್ ಹೊಡೆದರೆ ಒಂದು ಸ್ಟ್ರೋಕಿಗೆ ಬರುವುದು ಅರ್ಧ ಮಿಲಿಲೀಟರ್. ಅಂದರೆ ಸುಮಾರು ಹತ್ತು ಹನಿ.

ಈ ಹತ್ತು ಹನಿಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಬರದಂತೆ ತಡೆಯುವುದು ಪಂಪಿನ ಹೆಡ್ಡಿನಲ್ಲಿರುವ ಎರಡು ಪುಟ್ಟ ಗೋಲಿಗಳು. ಕೆಳಗೊಂದು, ಮೇಲೊಂದು. ಗೋಲಿ ತನ್ನ ಸೀಟಿನ ಮೇಲೆ ಸರಿಯಾಗಿ ಕೂತರೆ ಮಾತ್ರ ಡೋಸ್ ಹೋಗುತ್ತದೆ. ನಡುವೆ ಒಂದು ಮರಳಿನ ಕಣವೋ ಟೆಫ್ಲಾನ್ ಟೇಪಿನ ಎಳೆಯೋ ಸಿಕ್ಕಿಕೊಂಡರೆ ಪಂಪ್ ಟಕ್ ಟಕ್ ಅಂತ ಓಡುತ್ತಲೇ ಇರುತ್ತದೆ, ಪ್ಯಾನೆಲ್ಲಿನಲ್ಲಿ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಡೋಸ್ ಮಾತ್ರ ಹೋಗಿರುವುದಿಲ್ಲ. ಲಾಗ್ ಬುಕ್ಕಿನಲ್ಲಿ 'ಪಂಪ್ ರನ್ನಿಂಗ್' ಅಂತ ಬರೆದಿರುತ್ತೆ. ನೀರಿನ ಸ್ಯಾಂಪಲ್ ರಿಪೋರ್ಟ್ ಬಂದಾಗಲೇ ಗೊತ್ತಾಗೋದು.

ಆ ಕಸ ಬರುವುದೆಲ್ಲಿಂದ? ಅರ್ಧ ಕಸ ಕೆಮಿಕಲ್ಲಿನದ್ದೇ ಅಲ್ಲ, ನಾವು ಮಾಡಿದ್ದು. ಟ್ಯಾಂಕಿಗೆ ನಾಜಲ್ ಕೂರಿಸಲು ತೂತು ಕೊರೆದಾಗ ಬಿದ್ದ ಪ್ಲಾಸ್ಟಿಕ್ ತುರಿ, ಪಿವಿಸಿ ಪೈಪಿನ ಗರಗಸದ ಪುಡಿ, ಒಣಗಿದ ಗಮ್ಮಿನ ಚೂರು, ನೀರು ತಿಳಿಯಾಗಿಸಲು ಹಾಕುವ ಆಲಂ ಚೀಲದ ಗೋಣಿ ನಾರು. ಹೊಸ ಸಿಸ್ಟಂ ಶುರು ಮಾಡುವ ಮೊದಲು ಬರೀ ನೀರು ಓಡಿಸಿ ಲೈನನ್ನು ತೊಳೆದರೆ ಇದರಲ್ಲಿ ಮುಕ್ಕಾಲು ಪಾಲು ಹೋಗುತ್ತದೆ. ತುಂಬಾ ಕಡೆ ಈ ಕೆಲಸ ಬಿಟ್ಟು ಫಿಲ್ಟರಿನ ಮೇಲೆ ಭಾರ ಹಾಕುತ್ತಾರೆ.

ಇನ್ನೊಂದು ಮೂಲವಿದೆ, ಅದು ನಮ್ಮ ಬೋರ್‌ವೆಲ್ ನೀರು. ಬೆಂಗಳೂರು, ಕೋಲಾರದ ಕಡೆಯ ಗಡುಸು ನೀರಿನಲ್ಲಿ ಹೈಪೋ ಅಥವಾ ಕಾಸ್ಟಿಕ್ (ಕಾಸ್ಟಿಕ್ ಸೋಡಾ) ಕಲಸಿ ನೋಡಿ. ನೀರು ಹಾಲಿನಂತೆ ಮಸುಕಾಗುತ್ತದೆ. ಪಿಎಚ್ ಏರಿದ ಕೂಡಲೇ ನೀರಿನಲ್ಲಿದ್ದ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಬೇರೆಯಾಗುತ್ತದೆ. ಅದೇ ಜಾಲರಿಯ ಮೇಲೆ ಸುಣ್ಣದ ಪೊರೆಯಾಗಿ ಕೂರುವುದು, ಪಂಪಿನ ಗೋಲಿಯ ಸುತ್ತ ಗಟ್ಟಿಯಾಗುವುದು. ಇದಕ್ಕೆ ಯಾವ ಫಿಲ್ಟರ್ ಹಾಕಿದರೂ ಕಟ್ಟಿಕೊಳ್ಳುವುದೇ. ಕಲಸಲು ಸಾಫ್ಟ್‌ನರ್ ನೀರೋ ಆರ್‌ಒ ನೀರೋ ಬಳಸಿದರೆ ಫಿಲ್ಟರಿನ ಅರ್ಧ ಗೋಳು ಮುಗಿಯುತ್ತದೆ. ಬಾಯ್ಲರಿಗೆ ಹಾಕುವ ಟ್ರೈಸೋಡಿಯಂ ಫಾಸ್ಫೇಟಿನದ್ದೂ ಇದೇ ಕಥೆ. ಗಡುಸು ನೀರಿನಲ್ಲಿ ಕರಗಿಸಿದರೆ ಟ್ಯಾಂಕಿನಲ್ಲೇ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತಳ ಸೇರುತ್ತದೆ. ಡಿಎಂ ನೀರಿನಲ್ಲಿ (ಲವಣ ತೆಗೆದ ನೀರಿನಲ್ಲಿ) ಕರಗಿಸಬೇಕು.

ಪಂಪಿನ ಹಿಂದೆಯೋ, ಮುಂದೆಯೋ?

ಫಿಲ್ಟರ್ ಕೂರಿಸಲು ಮೂರು ಜಾಗ ಇವೆ. ಟ್ಯಾಂಕಿಗೆ ತುಂಬುವ ಲೈನ್, ಪಂಪಿನ ಸಕ್ಷನ್ (ಹೀರುವ ಕಡೆ), ಪಂಪಿನ ಡೆಲಿವರಿ (ತಳ್ಳುವ ಕಡೆ).

ಸಕ್ಷನ್ ಕಡೆ ಪಂಪಿಗೆ ಇರುವ ಶಕ್ತಿ ತುಂಬಾ ಕಡಿಮೆ. ಎಷ್ಟೇ ದೊಡ್ಡ ಪಂಪಾದರೂ ಹೀರುವಾಗ ವಾತಾವರಣದ ಒತ್ತಡವೇ ದ್ರವವನ್ನು ಒಳಗೆ ತಳ್ಳಬೇಕು. ಅದು ನೀರಿನ ಲೆಕ್ಕದಲ್ಲಿ ಸುಮಾರು 10 ಮೀಟರ್, ಅಷ್ಟೇ. ಎಳನೀರನ್ನು ಸ್ಟ್ರಾ ಹಾಕಿ ಹೀರುವಾಗ ಗಂಜಿ ಅಡ್ಡ ಬಂದರೆ ಏನಾಗುತ್ತದೆ ನೋಡಿದ್ದೀರಲ್ವಾ? ಜೋರಾಗಿ ಹೀರಿದಷ್ಟೂ ಸ್ಟ್ರಾ ಚಪ್ಪಟೆಯಾಗುತ್ತದೆ ಹೊರತು ಎಳನೀರು ಬರುವುದಿಲ್ಲ. ನುಣ್ಣನೆಯ ಜಾಲರಿ ಕಟ್ಟಿಕೊಂಡಾಗ ಪಂಪಿನ ಪಾಡೂ ಅದೇ.

ಇದರ ಜೊತೆಗೆ ತುಂಬಾ ಜನ ಮರೆಯುವ ಒಂದು ಸಂಗತಿ ಇದೆ. ಡಯಾಫ್ರಂ ಪಂಪ್ ಒಂದೇ ಸಮ ಹೀರುವುದಿಲ್ಲ. ಅರ್ಧ ಹೊತ್ತು ಹೀರುತ್ತದೆ, ಇನ್ನರ್ಧ ಹೊತ್ತು ತಳ್ಳುತ್ತದೆ. ಹೀರುವಾಗಲೂ ನಡುವಿನಲ್ಲಿ ವೇಗ ಜಾಸ್ತಿ. ಮೋಟರಿನಿಂದ ಓಡುವ ಒಂಟಿ ಹೆಡ್ಡಿನ ಪಂಪಿನಲ್ಲಿ ಆ ಗರಿಷ್ಠ ಹರಿವು ಸರಾಸರಿಯ 3.14 ಪಟ್ಟು ಇರುತ್ತದೆ. ಪಂಪಿನ ಮೇಲೆ ಗಂಟೆಗೆ 60 ಲೀಟರ್ ಅಂತ ಬರೆದಿದ್ದರೆ ಸ್ಟ್ರೈನರ್ ತಡೆದುಕೊಳ್ಳಬೇಕಾದದ್ದು ಗಂಟೆಗೆ ಸುಮಾರು 190 ಲೀಟರಿನ ಎಳೆತ. ಕ್ಯಾಟಲಾಗಿನಲ್ಲಿ 60 ಲೀಟರಿಗೆ ಸರಿಹೊಂದುವ ಫಿಲ್ಟರ್ ತಂದರೆ ಮೊದಲ ದಿನದಿಂದಲೇ ಅದು ಚಿಕ್ಕದು.

ಕೆಮಿಕಲ್ ದಪ್ಪವಾಗಿದ್ದರೆ ತೊಂದರೆ ಇನ್ನೂ ಜಾಸ್ತಿ. ಟ್ಯಾಂಕರಿನಲ್ಲಿ ಬರುವ ಶೇ. 48ರ ಕಾಸ್ಟಿಕ್ ಲೈ ನೀರಿಗಿಂತ ಹತ್ತಾರು ಪಟ್ಟು ದಪ್ಪ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಇನ್ನೂ ದಪ್ಪ. ನೀರು ಓಡಿಸಿ ಟೆಸ್ಟ್ ಮಾಡಿದಾಗ ಏನೂ ತೊಂದರೆ ಕಾಣದ ಸ್ಟ್ರೈನರ್ ಅದರ ಮುಂದೆ ಸೋಲುತ್ತದೆ.

ಹಾಗಾಗಿ ಸಕ್ಷನ್ನಿಗೆ ಸಾಮಾನ್ಯವಾಗಿ ನಾನು ಹೇಳುವುದು ಇದು: ಗಂಟೆಗೆ ಕೆಲವೇ ಲೀಟರಿನ ಪುಟ್ಟ ಪಂಪಿಗೆ 80ರಿಂದ 100 ಮೆಶ್ (ಇಂಚಿಗೆ ಅಷ್ಟು ಕಣ್ಣು), ದೊಡ್ಡ ಪಂಪಿಗೆ 40ರಿಂದ 60 ಮೆಶ್. ಪಂಪಿನ ಜೊತೆ ಬರುವ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದೇ ಸರಿ. ಸ್ಟ್ರೈನರಿನ ಸೈಜ್ ಪೈಪಿಗಿಂತ ಒಂದು ಹೆಜ್ಜೆ ದೊಡ್ಡದಿರಲಿ, 15 ಎಂಎಂ ಲೈನಿಗೆ 20 ಅಥವಾ 25 ಎಂಎಂ ಸ್ಟ್ರೈನರ್. ಖರ್ಚಿನ ವ್ಯತ್ಯಾಸ ಚಿಲ್ಲರೆ. ತೊಳೆಯುವ ಕೆಲಸ ಮಾತ್ರ ತುಂಬಾ ಕಡಿಮೆಯಾಗುತ್ತದೆ.

ಡೆಲಿವರಿ ಕಡೆ ಒತ್ತಡಕ್ಕೇನೂ ಕೊರತೆಯಿಲ್ಲ, ನುಣ್ಣನೆಯ ಫಿಲ್ಟರೂ ಓಡುತ್ತದೆ. ಆದರೆ ಅಲ್ಲಿ ಹಾಕಿದ ಫಿಲ್ಟರ್ ಪಂಪನ್ನು ಕಾಪಾಡುವುದಿಲ್ಲ, ಮುಂದಿರುವ ಫ್ಲೋ ಮೀಟರನ್ನೋ ಸ್ಪ್ರೇ ನಾಜಲ್ಲನ್ನೋ ಕಾಪಾಡುತ್ತದೆ. ಅದರ ಮೈ ಪಂಪಿನ ರಿಲೀಫ್ ವಾಲ್ವ್ ತೆರೆದುಕೊಳ್ಳುವ ಒತ್ತಡಕ್ಕಿಂತ ಗಟ್ಟಿಯಿರಬೇಕು. ಪಂಪ್ ಹೊಡೆಯುವ ಏಟಿಗೆ ಕಾರ್ಟ್ರಿಜ್ (ಡಬ್ಬದೊಳಗೆ ಕೂರಿಸುವ ಉರುಳೆಯಾಕಾರದ ಫಿಲ್ಟರ್) ಒಳಗೆ ಹಿಡಿದಿಟ್ಟ ಕಣಗಳನ್ನೇ ಮತ್ತೆ ಬಿಟ್ಟುಬಿಡುವುದೂ ಉಂಟು. ಹಾಕಲೇಬೇಕಾದರೆ ಮೊದಲು ಪಲ್ಸೇಷನ್ ಡ್ಯಾಂಪ್ನರ್ (ಪಂಪಿನ ಏಟನ್ನು ತಗ್ಗಿಸುವ ಸಾಧನ), ಆಮೇಲೆ ಫಿಲ್ಟರ್.

ಮೆಶ್ ಮತ್ತು ಮೈಕ್ರಾನ್

ಆರ್ಡರ್ ಕೊಡುವಾಗ ಇವೆರಡನ್ನೂ ಕಲಸಿಕೊಳ್ಳುವವರು ಬಹಳ. ಮೆಶ್ ಅಂದರೆ ಒಂದು ಇಂಚಿನಲ್ಲಿ ಎಷ್ಟು ಕಣ್ಣು ಅನ್ನೋ ಲೆಕ್ಕ, ಹಾಗಾಗಿ ಮೆಶ್ ಏರಿದಂತೆ ಕಣ್ಣು ಸಣ್ಣದಾಗುತ್ತದೆ. ಮೈಕ್ರಾನ್ ಕಣ್ಣಿನ ಅಳತೆ, ಅದು ಏರಿದಂತೆ ಕಣ್ಣು ದೊಡ್ಡದು. 20 ಮೆಶ್ ಸುಮಾರು 840 ಮೈಕ್ರಾನ್, 40 ಮೆಶ್ 400, 60 ಮೆಶ್ 250, 100 ಮೆಶ್ 150, 200 ಮೆಶ್ 75. ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 70 ಮೈಕ್ರಾನ್ ಅಂತ ನೆನಪಿಟ್ಟುಕೊಂಡರೆ ಅಂದಾಜು ಸಿಗುತ್ತದೆ.

ಬ್ಯಾಗ್, ಕಾರ್ಟ್ರಿಜ್ ಮೇಲೆ ಬರೆದಿರುವ ಮೈಕ್ರಾನ್ ಬೇರೆಯದೇ ಕಥೆ. ಅಲ್ಲಿ ನಾಮಿನಲ್ ಅಂತಿದ್ದರೆ ಆ ಅಳತೆಯ ಕಣಗಳಲ್ಲಿ ಒಂದಷ್ಟು ಪಾಲು ಹಿಡಿಯುತ್ತದೆ ಅಂತ ಮಾತ್ರ ಅರ್ಥ. ಎಷ್ಟು ಪಾಲು ಅನ್ನೋದು ಒಬ್ಬೊಬ್ಬ ತಯಾರಕರದ್ದು ಒಂದೊಂದು. ಆಬ್ಸೊಲ್ಯೂಟ್ ಅಂತಿದ್ದರೆ ಬೀಟಾ ಅಂಕಿ ಕೇಳಿ. ಬೀಟಾ 5000 ಅಂದರೆ ಆ ಅಳತೆಯ 5000 ಕಣ ಬಂದರೆ ಒಂದು ಮಾತ್ರ ದಾಟುತ್ತದೆ. ನೀರು ಶುದ್ಧೀಕರಣದ ಡೋಸಿಂಗಿಗೆ ನಾಮಿನಲ್ ಸಾಕು. ಔಷಧ, ಆಹಾರ ತಯಾರಿಸುವ ಕಡೆ ಆಬ್ಸೊಲ್ಯೂಟ್ ಬೇಕಾಗುತ್ತದೆ, ಅಲ್ಲಿನ ನಿಯಮಗಳೇ ಬೇರೆ, ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ.

ಯಾವುದಕ್ಕೆ ಯಾವುದು

ಫುಟ್ ವಾಲ್ವ್ ಸ್ಟ್ರೈನರ್: ಪುಟ್ಟ ಪಂಪ್‌ಗಳ ಜೊತೆ ಉಚಿತವಾಗಿ ಬರುತ್ತದೆ, ಕ್ಯಾನಿನೊಳಗೆ ಇಳಿಬಿಡುವ ಟ್ಯೂಬಿನ ತುದಿಗೆ ಇರುತ್ತದೆ. ಇದನ್ನು ಟ್ಯಾಂಕಿನ ತಳಕ್ಕೆ ಮುಟ್ಟಿಸಬೇಡಿ. ತಳದಿಂದ ಎರಡು ಮೂರು ಇಂಚು ಮೇಲಿರಲಿ, ಗಸಿ ಕೆಳಗೇ ಉಳಿಯುತ್ತದೆ. ಕೊನೆಯ ಲೀಟರ್ ಕೂಡ ಖಾಲಿಯಾಗಲಿ ಅಂತ ತಳಕ್ಕೆ ಇಳಿಸುವವರು ಗಸಿಯನ್ನೂ ಪಂಪಿಗೆ ಕುಡಿಸುತ್ತಾರೆ. ಗಂಟೆಗೆ 10 ಲೀಟರ್ ಒಳಗಿನ ಪಂಪಿಗೆ, ಕೆಮಿಕಲ್ ಚೊಕ್ಕಟವಾಗಿದ್ದರೆ, ಇದರಾಚೆಗೆ ಬೇರೇನೂ ಬೇಡ.

ವೈ-ಸ್ಟ್ರೈನರ್: ಟ್ಯಾಂಕ್ ಪಂಪಿಗಿಂತ ಮೇಲಿದ್ದು ದ್ರವ ತಾನಾಗಿ ಪಂಪಿಗೆ ಇಳಿಯುವ ಕಡೆ ನನ್ನ ಮೊದಲ ಆಯ್ಕೆ ಇದೇ. ಅಗ್ಗ, ಜಾಗ ಕಡಿಮೆ, ಒಂದು ಕ್ಯಾಪ್ ಬಿಚ್ಚಿದರೆ ಜಾಲರಿ ಕೈಗೆ ಬರುತ್ತದೆ. ಅಡ್ಡ ಲೈನಿನಲ್ಲಿ ಅದರ ಕಾಲು ಕೆಳಮುಖವಾಗಿರಬೇಕು. ನೆಟ್ಟನೆಯ ಲೈನಿನಲ್ಲಾದರೆ ದ್ರವ ಮೇಲಿನಿಂದ ಕೆಳಗೆ ಹರಿಯುವ ಕಡೆ ಮಾತ್ರ. ಜಾಗ ಇಲ್ಲ ಅಂತ ಕಾಲನ್ನು ಮೇಲಕ್ಕೆ ತಿರುಗಿಸಿ ಕೂರಿಸಿದರೆ ಕಸ ಜಾಲರಿಯಲ್ಲಿ ನಿಲ್ಲದೆ ಪಂಪ್ ನಿಂತಾಗಲೆಲ್ಲ ವಾಪಸ್ ಲೈನಿಗೆ ಬೀಳುತ್ತದೆ. ಪಾರದರ್ಶಕ ಪಿವಿಸಿ ಬೌಲಿನದ್ದು ಸಿಕ್ಕರೆ ಬಿಚ್ಚದೆಯೇ ಕಸ ಎಷ್ಟಾಗಿದೆ ಅಂತ ನೋಡಬಹುದು. ಬಿಸಿಲಿಗೆ ಮಾತ್ರ ಇಡಬೇಡಿ, ವರ್ಷಗಳು ಕಳೆದಂತೆ ಹಳದಿಯಾಗಿ ಪೆಡಸಾಗುತ್ತದೆ.

ಬಾಸ್ಕೆಟ್ ಸ್ಟ್ರೈನರ್: ವೈಗಿಂತ ಎಷ್ಟೋ ಪಟ್ಟು ಕಸ ಹಿಡಿಯುತ್ತದೆ. ದೊಡ್ಡ ಪಂಪ್, ದಪ್ಪ ಕೆಮಿಕಲ್, ಗಲೀಜು ಜಾಸ್ತಿ ಇರುವ ಕಡೆ ಇದು. ನಿಲ್ಲಿಸಲೇ ಆಗದ ಪ್ರಕ್ರಿಯೆಗೆ ಡ್ಯೂಪ್ಲೆಕ್ಸ್ ಬರುತ್ತದೆ. ಎರಡು ಬುಟ್ಟಿ, ಒಂದು ಕೆಲಸ ಮಾಡುವಾಗ ಇನ್ನೊಂದನ್ನು ತೊಳೆಯಬಹುದು. ಆದರೆ ಈಗಾಗಲೇ ಸ್ಟ್ಯಾಂಡ್‌ಬೈ ಪಂಪ್ ಇದ್ದರೆ ಪ್ರತಿ ಪಂಪಿಗೂ ಒಂದೊಂದು ಸಾದಾ ವೈ ಹಾಕುವುದು ಡ್ಯೂಪ್ಲೆಕ್ಸಿಗಿಂತ ಅಗ್ಗ. ಕೆಡುವ ಭಾಗಗಳೂ ಕಡಿಮೆ.

ಬ್ಯಾಗ್ ಫಿಲ್ಟರ್: ಇದರ ಜಾಗ ಟ್ಯಾಂಕಿಗೆ ತುಂಬುವ ಲೈನ್. ಟ್ಯಾಂಕರಿನಿಂದಲೋ ಬ್ಯಾರಲ್ಲಿನಿಂದಲೋ ಟ್ರಾನ್ಸ್‌ಫರ್ ಪಂಪಿನಲ್ಲಿ ಎತ್ತುವಾಗ ನಡುವೆ ಒಂದು 50 ಅಥವಾ 100 ಮೈಕ್ರಾನ್ ಬ್ಯಾಗ್. ಸೈಜ್ 1 ಮತ್ತು ಸೈಜ್ 2 ಎರಡೂ 7 ಇಂಚು ಅಗಲವೇ, ಎರಡನೆಯದು ಉದ್ದದಲ್ಲಿ ಒಂದನೆಯದರ ಹೆಚ್ಚುಕಡಿಮೆ ಎರಡರಷ್ಟು. ಫೆಲ್ಟ್ ಬ್ಯಾಗ್ ಒಮ್ಮೆ ಬಳಸಿ ಎಸೆಯುವಂಥದ್ದು, ಜಾಲರಿ ಬ್ಯಾಗನ್ನು ತೊಳೆದು ಮತ್ತೆ ಬಳಸಬಹುದು. ಇಲ್ಲಿ ತುಂಬುವ ಪಂಪಿಗೆ ಬೇಕಾದಷ್ಟು ಒತ್ತಡ ಇದೆ, ಕೆಲಸ ಹಗಲಿನಲ್ಲಿ ನಡೆಯುತ್ತದೆ, ಪಕ್ಕದಲ್ಲಿ ಇಬ್ಬರು ನಿಂತಿರುತ್ತಾರೆ. ಫಿಲ್ಟರ್ ಕಟ್ಟಿಕೊಂಡರೆ ಕಣ್ಣೆದುರೇ ಗೊತ್ತಾಗುತ್ತದೆ, ಡೋಸ್ ತಪ್ಪುವುದಿಲ್ಲ. ನುಣ್ಣಗೆ ಸೋಸುವುದಾದರೆ ಇಲ್ಲೇ ಸೋಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಕಾರ್ಟ್ರಿಜ್: ಪ್ಲಾಸ್ಟಿಕ್ ನಾರಿನ ಮೆಲ್ಟ್‌ಬ್ಲೋನ್, ದಾರ ಸುತ್ತಿದ್ದು, ಮಡಿಕೆ ಮಾಡಿದ್ದು ಅಂತ ಮೂರು ಬಗೆ ಮಾರುಕಟ್ಟೆಯಲ್ಲಿ ಸಿಗುತ್ತವೆ. ಮೊದಲೆರಡು ಅಗ್ಗ, ಕಟ್ಟಿಕೊಂಡರೆ ಎಸೆಯುವುದೇ. ಮಡಿಕೆಯದ್ದು ದುಬಾರಿ, ಆದರೆ ಅಷ್ಟೇ ಉದ್ದದಲ್ಲಿ ಸೋಸುವ ಮೈ ಎಷ್ಟೋ ಪಟ್ಟು ಜಾಸ್ತಿ. ಆರ್‌ಒ ಮೆಂಬ್ರೇನಿನ ಮುಂದೆ 5 ಮೈಕ್ರಾನ್ ಕಾರ್ಟ್ರಿಜ್ ಇರುವುದನ್ನು ನೋಡಿ ಡೋಸಿಂಗ್ ಪಂಪಿಗೂ ಅದನ್ನೇ ಹಾಕುವವರಿದ್ದಾರೆ. ಬೇಡ. ಅದು ನೀರಿನ ಲೈನಿಗೆ ಮಾಡಿದ್ದು, ಹಿಂದೆ ಫೀಡ್ ಪಂಪಿನ ಒತ್ತಡ ಇರುತ್ತದೆ. ಡೋಸಿಂಗ್ ಸಕ್ಷನ್ನಿನಲ್ಲಿ ಅದು ಗೋಳು ಮಾತ್ರ.

ತಾನೇ ತೊಳೆದುಕೊಳ್ಳುವ ಆಟೋಮ್ಯಾಟಿಕ್ ಫಿಲ್ಟರ್ ಬಗ್ಗೆಯೂ ಕೇಳುತ್ತಾರೆ. ಕೂಲಿಂಗ್ ಟವರಿನಂಥ ದೊಡ್ಡ ಹರಿವಿಗೆ ಅದು ಒಳ್ಳೆಯದು. ಗಂಟೆಗೆ ಹತ್ತಿಪ್ಪತ್ತು ಲೀಟರ್ ಹೋಗುವ ಕೆಮಿಕಲ್ ಲೈನಿಗೆ ಸುಮ್ನೆ ದುಡ್ಡು ದಂಡ. ತೊಳೆದ ಕೆಮಿಕಲ್ ಎಲ್ಲಿ ಬಿಡುತ್ತೀರಿ ಅನ್ನೋ ಪ್ರಶ್ನೆಗೇ ಉತ್ತರ ಇರುವುದಿಲ್ಲ.

ಹೈಪೋ ಲೈನ್

ಹೈಪೋಗೆ ಬೇರೆಯಾಗಿ ಜಾಗ ಕೊಡುತ್ತಿದ್ದೇನೆ, ಯಾಕೆಂದರೆ ಅಪಾರ್ಟ್‌ಮೆಂಟಿನಿಂದ ಹಿಡಿದು ದೊಡ್ಡ ಕಾರ್ಖಾನೆಯವರೆಗೆ ಎಲ್ಲೆಡೆ ಇರುವುದು ಇದು. ಫಿಲ್ಟರ್ ಆಯ್ಕೆಯಲ್ಲಿ ಜಾಸ್ತಿ ಕೈ ಕೊಡುವುದೂ ಇದೇ.

ಹೈಪೋ ಸುಮ್ಮನಿದ್ದರೂ ಒಡೆಯುತ್ತಿರುತ್ತದೆ, ಆಮ್ಲಜನಕದ ಗುಳ್ಳೆ ಬಿಡುತ್ತಿರುತ್ತದೆ. ಬಿಸಿಲು, ಸೆಕೆ ಇದ್ದರೆ ಇನ್ನೂ ಬೇಗ. ಕಬ್ಬಿಣ, ತಾಮ್ರ, ನಿಕ್ಕಲ್ ಸೋಕಿದರೆ ಕೇಳುವುದೇ ಬೇಡ. ಸಕ್ಷನ್ ಲೈನಿನಲ್ಲಿ ನೆಟ್ಟಗೆ ನಿಂತ ಕಾರ್ಟ್ರಿಜ್ ಹೌಸಿಂಗ್ ಇದ್ದರೆ ಗುಳ್ಳೆಗಳೆಲ್ಲ ಅದರ ತಲೆಯಲ್ಲಿ ಸೇರುತ್ತವೆ. ಒಂದು ದಿನ ಆ ಗಾಳಿ ಪಂಪಿನ ಹೆಡ್ಡಿಗೆ ಬರುತ್ತದೆ. ಪಂಪ್ ಗಾಳಿಯನ್ನೇ ಹಿಸುಕುತ್ತಾ ನಿಲ್ಲುತ್ತದೆ, ಡೋಸ್ ಸೊನ್ನೆ. ಆದ್ದರಿಂದ ಹೈಪೋ ಸಕ್ಷನ್ನಿಗೆ ಹೊಟ್ಟೆ ದೊಡ್ಡದಿರುವ ಹೌಸಿಂಗ್ ಬೇಡ, ಪುಟ್ಟ ವೈ-ಸ್ಟ್ರೈನರ್ ಸಾಕು. ಲೈನ್ ಟ್ಯಾಂಕಿನ ಕಡೆಗೆ ಸ್ವಲ್ಪ ಏರುವಂತೆ ಇರಲಿ, ಗುಳ್ಳೆ ತಾನೇ ಟ್ಯಾಂಕಿಗೆ ಹಿಂದಿರುಗುತ್ತದೆ. ದೊಡ್ಡ ಪಂಪಿಗೆ ಇದೊಂದು ಕಡೆ ಮಾತ್ರ ನಾನು 'ದೊಡ್ಡ ಮೈ' ಅನ್ನೋ ನನ್ನ ಮಾತನ್ನು ಸ್ವಲ್ಪ ಸಡಿಲ ಮಾಡುತ್ತೇನೆ.

ಇನ್ನೊಂದು, ಸ್ಟ್ರೈನರಿನ ಎರಡೂ ಬದಿಯ ವಾಲ್ವ್ ಮುಚ್ಚಿ ನಡುವೆ ಹೈಪೋ ಬಿಟ್ಟು ಹೋಗಬೇಡಿ. ಗ್ಯಾಸ್ ತುಂಬಿ ಒತ್ತಡ ಏರುತ್ತದೆ, ಪ್ಲಾಸ್ಟಿಕ್ ಮೈ ಒಡೆಯುತ್ತದೆ. ಬಾಲ್ ವಾಲ್ವಿನ ಗುಂಡಿನೊಳಗೆ ಸಿಕ್ಕಿಕೊಂಡ ಹೈಪೋ ಕೂಡ ವಾಲ್ವನ್ನು ಸೀಳಬಲ್ಲದು. ಅದಕ್ಕೇ ಹೈಪೋಗೆ ಗುಂಡಿನಲ್ಲಿ ಪುಟ್ಟ ತೂತಿರುವ ವೆಂಟೆಡ್ ಬಾಲ್ ವಾಲ್ವ್ ಬರುತ್ತದೆ.

ಈಗ ಜಾಲರಿ. ಪಿವಿಸಿ ಮೈ ಅಂತ ಕೊಟ್ಟ ವೈ-ಸ್ಟ್ರೈನರಿನ ಕ್ಯಾಪ್ ಬಿಚ್ಚಿ ನೋಡಿ, ಒಳಗೆ ಹೊಳೆಯುವ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಜಾಲರಿ ಇರುತ್ತದೆ, ಎಷ್ಟೋ ಸಲ ಹಾಗೇ ಬರುತ್ತದೆ. 304 ದರ್ಜೆಯದಿರಲಿ, 316 ದರ್ಜೆಯದಿರಲಿ, ಹೈಪೋ ಅದನ್ನು ತಿನ್ನುತ್ತದೆ. ಮೊದಲು ಕಂದು ಚುಕ್ಕೆ, ಆಮೇಲೆ ಸೂಜಿಮೊನೆಯಷ್ಟು ತೂತು, ಕೊನೆಗೆ ತಂತಿಗಳು ತುಂಡಾಗಿ ಪಂಪಿನ ಕಡೆಗೇ ಹೋಗುತ್ತವೆ. ಕಸ ತಡೆಯಲು ಹಾಕಿದ್ದು ತಾನೇ ಕಸವಾಯಿತು. ಹೈಪೋಗೆ ಜಾಲರಿಯೂ ಪಿವಿಸಿಯಂಥ ಪ್ಲಾಸ್ಟಿಕ್ಕಿನದೇ ಇರಬೇಕು, ಇಲ್ಲವೇ ದುಡ್ಡಿದ್ದರೆ ಟೈಟೇನಿಯಂ. ನೈಲಾನ್ ಜಾಲರಿ, ಹತ್ತಿ ದಾರದ ಕಾರ್ಟ್ರಿಜ್ ಎರಡೂ ಹೈಪೋಗೆ ಉಳಿಯುವುದಿಲ್ಲ.

ಬ್ಲೀಚಿಂಗ್ ಪುಡಿ ಕಲಸಿ ಡೋಸ್ ಮಾಡುವ ಊರುಗಳಿಗೆ ಒಂದು ಮಾತು. ಆ ಪುಡಿಯಲ್ಲಿ ಕ್ಲೋರಿನ್ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಉಳಿದದ್ದರಲ್ಲಿ ಬಹಳಷ್ಟು ಸುಣ್ಣ. ಅದನ್ನು ಫಿಲ್ಟರಿನಲ್ಲಿ ಹಿಡಿಯಲು ಹೋಗಬೇಡಿ. ಒಂದು ಟ್ಯಾಂಕಿನಲ್ಲಿ ಕಲಸಿ ಬಿಟ್ಟು, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಇನ್ನೊಂದು ಟ್ಯಾಂಕಿಗೆ ಬಸಿದುಕೊಳ್ಳಿ. ಪಂಪ್ ಆ ಎರಡನೇ ಟ್ಯಾಂಕಿನಿಂದ ಹೀರಲಿ.

ಫಿಲ್ಟರ್ ಹಾಕಬಾರದ ಕಡೆ

ಪಾಲಿ ಎಲೆಕ್ಟ್ರೋಲೈಟ್, ನಮ್ಮ ಇಟಿಪಿಗಳಲ್ಲಿ ಬರೀ 'ಪಾಲಿ'. ಇದು ಉದ್ದುದ್ದ ಸರಪಳಿಯ ಅಣುಗಳ ಲೋಳೆ. ನುಣ್ಣನೆಯ ಜಾಲರಿಯಲ್ಲಿ ಹಿಂಡಿದರೆ ಸರಪಳಿ ತುಂಡಾಗುತ್ತದೆ, ಫ್ಲಾಕ್ (ಗಲೀಜಿನ ಗಂಟು) ಕಟ್ಟುವ ಶಕ್ತಿ ಹೋಗುತ್ತದೆ, ಜಾಲರಿಯೂ ಅಂಟು ಅಂಟಾಗಿ ಮುಚ್ಚಿಕೊಳ್ಳುತ್ತದೆ. ಪುಡಿಯನ್ನು ಒಂದೇ ಸಲ ಸುರಿದಾಗ ಆಗುವ ಗಂಟುಗಳೇ ಇಲ್ಲಿನ ತೊಂದರೆ. ನಿಧಾನಕ್ಕೆ ಉದುರಿಸಿ ಕಲಸಿ, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ನೆನೆಯಲು ಬಿಟ್ಟರೆ ಗಂಟು ಕರಗುತ್ತದೆ. ಸ್ಟ್ರೈನರ್ ಬೇಕೇ ಬೇಕು ಅಂದರೆ ಒಂದೆರಡು ಮಿಲಿಮೀಟರ್ ಕಣ್ಣಿನ ಬುಟ್ಟಿ ಸಾಕು.

ಸುಣ್ಣದ ಹಾಲು ಎರಡನೆಯದು. ಸಕ್ಕರೆ ಕಾರ್ಖಾನೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಸುಣ್ಣ ಅರಳಿಸುವ ಕಡೆಯೇ ಕಲ್ಲು, ಮರಳನ್ನು ತೆಗೆದುಬಿಡುತ್ತಾರೆ, ಆಮೇಲೆ ಹಾಲು ಲೈನಿನಲ್ಲಿ ಸುತ್ತುತ್ತಲೇ ಇರುವಂತೆ ನೋಡಿಕೊಳ್ಳುತ್ತಾರೆ. ಇಟಿಪಿಯವರು ಮಾತ್ರ ಸುಣ್ಣದ ಪಂಪಿಗೆ ವೈ-ಸ್ಟ್ರೈನರ್ ಹಾಕಿ ಒದ್ದಾಡುತ್ತಾರೆ. ಅದು ಸುಣ್ಣದ ಪುಡಿಯನ್ನೇ ಹಿಡಿದು ಒಂದೇ ಶಿಫ್ಟಿನಲ್ಲಿ ಗಾರೆಯಾಗುತ್ತದೆ. ಅಲ್ಲಿ ಬೇಕಾದದ್ದು ನಿಲ್ಲಿಸಿದಾಗಲೆಲ್ಲ ನೀರು ಹಾಯಿಸಿ ತೊಳೆಯುವ ಒಂದು ವಾಲ್ವ್.

ಆಂಟಿಸ್ಕೇಲಂಟ್ (ಆರ್‌ಒ ಮೆಂಬ್ರೇನಿನ ಮೇಲೆ ಸುಣ್ಣ ಕಟ್ಟದಂತೆ ಹಾಕುವ ಕೆಮಿಕಲ್) ಚೊಕ್ಕಟವಾಗಿಯೇ ಬರುತ್ತದೆ, ಫುಟ್ ವಾಲ್ವಿನ ಜಾಲರಿ ಸಾಕು. ಆದರೆ ಉಳಿತಾಯ ಅಂತ ತುಂಬಾ ನೀರು ಬೆರೆಸಿ ವಾರಗಟ್ಟಲೆ ಇಟ್ಟರೆ ಟ್ಯಾಂಕಿನಲ್ಲಿ ಪಾಚಿಯಂಥ ಲೋಳೆ ಬೆಳೆದು ಜಾಲರಿ ಮುಚ್ಚುತ್ತದೆ. ಬೆರೆಸುವುದನ್ನು ಕಡಿಮೆ ಮಾಡಿ, ಪುಟ್ಟ ಪಂಪ್ ಬಳಸಿ. ಆಲಂ ಗಟ್ಟಿಗಳನ್ನು ಕರಗಿಸುವ ಕಡೆ ತೂತಿರುವ ಪ್ಲಾಸ್ಟಿಕ್ ಅಥವಾ ಎಫ್‌ಆರ್‌ಪಿ (ಫೈಬರ್‌ಗ್ಲಾಸ್) ಬುಟ್ಟಿಯಲ್ಲಿಟ್ಟು ಮೇಲಿನಿಂದ ನೀರು ಬಿಡಿ, ಕಲ್ಲು ಕಡ್ಡಿ ಬುಟ್ಟಿಯಲ್ಲೇ ಉಳಿಯುತ್ತದೆ.

ಮೈ, ಜಾಲರಿ, ಓ-ರಿಂಗ್

ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಜಾಸ್ತಿ ಎಡವಟ್ಟಾಗುವುದು ಓ-ರಿಂಗಿನಲ್ಲಿ, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆಯಲ್ಲಿ. ಕಾಸ್ಟಿಕ್‌ಗೆ ಇಪಿಡಿಎಂ ರಬ್ಬರ್ ಒಳ್ಳೆಯದು, ವೈಟಾನ್ ರಬ್ಬರ್ ಉಬ್ಬಿ ಹಾಳಾಗುತ್ತದೆ. ಗಟ್ಟಿ ಸಲ್ಫ್ಯೂರಿಕ್ ಆಸಿಡ್‌ಗೆ ಇದರ ಉಲ್ಟಾ, ವೈಟಾನ್ ಬೇಕು. 'ವೈಟಾನ್ ದುಬಾರಿ, ಹಾಗಾಗಿ ಎಲ್ಲದಕ್ಕೂ ಅದೇ ಒಳ್ಳೆಯದು' ಅನ್ನೋ ನಂಬಿಕೆ ಸ್ಟೋರ್‌ಗಳಲ್ಲಿ ಬೇರು ಬಿಟ್ಟಿದೆ, ಕಾಸ್ಟಿಕ್ ಲೈನ್ ಸೋರುವುದಕ್ಕೆ ಅದೊಂದು ಕಾರಣ.

ಹೈಡ್ರೋಕ್ಲೋರಿಕ್ ಆಸಿಡ್, ಫೆರಿಕ್ ಕ್ಲೋರೈಡ್, ಪಿಎಸಿ (ಪಾಲಿ ಅಲ್ಯುಮಿನಿಯಂ ಕ್ಲೋರೈಡ್) ಈ ಮೂರಕ್ಕೂ ಎಸ್‌ಎಸ್ ಹತ್ತಿರ ತರಬೇಡಿ, ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಅಥವಾ ಪಿವಿಸಿ. ಶೇ. 98ರ ಸಲ್ಫ್ಯೂರಿಕ್‌ಗೆ ಪಿಪಿ ಬೇಡ, ಪಿವಿಡಿಎಫ್ ಅಥವಾ ಪಿಟಿಎಫ್‌ಇ ಪ್ಲಾಸ್ಟಿಕ್ ನೋಡಿ. ಕಾಸ್ಟಿಕ್‌ಗೆ ಪಿಪಿ ಸರಿ, ಮಾಮೂಲಿ ಉಷ್ಣತೆಯಲ್ಲಿ ಎಸ್‌ಎಸ್ 316 ಕೂಡ ಸರಿ. ಪಾಲಿಕಾರ್ಬೊನೇಟ್ ಬೌಲ್ ಕಾಸ್ಟಿಕ್‌ಗೆ ಬಿರುಕು ಬಿಡುತ್ತದೆ. ನೋಡಲು ಗಾಜಿನಂತಿದೆ ಅಂತ ಮೋಸ ಹೋಗಬೇಡಿ. ಪಾಲಿಯೆಸ್ಟರ್ ಬ್ಯಾಗ್ ಗಟ್ಟಿ ಕಾಸ್ಟಿಕ್‌ನಲ್ಲಿ ಕರಗುತ್ತಾ ಹೋಗುತ್ತದೆ, ಪಿಪಿ ಬ್ಯಾಗ್ ಉಳಿಯುತ್ತದೆ. ಮಂಗಳೂರಿನ ರಿಫೈನರಿಯಂಥ ಕಡೆ ಎಣ್ಣೆ ಜಾತಿಯ ದ್ರವ ಡೋಸ್ ಮಾಡುವಾಗ ಇನ್ನೊಂದು ಅಪಾಯ ಇದೆ. ನುಣ್ಣನೆಯ ಫಿಲ್ಟರಿನಲ್ಲಿ ಹಾಯುವಾಗ ಅಂಥ ದ್ರವದಲ್ಲಿ ಸ್ಟ್ಯಾಟಿಕ್ ವಿದ್ಯುತ್ ಹುಟ್ಟುತ್ತದೆ. ಲೋಹದ ಹೌಸಿಂಗ್, ಸರಿಯಾದ ಅರ್ಥಿಂಗ್ ಎರಡೂ ಬೇಕು.

ಕಟ್ಟಿಕೊಂಡಿದೆ ಅಂತ ತಿಳಿಯುವುದು

ದೊಡ್ಡ ಪಂಪಾದರೆ ಸ್ಟ್ರೈನರಿಗೂ ಪಂಪಿಗೂ ನಡುವೆ ವ್ಯಾಕ್ಯೂಮ್ ತೋರಿಸುವ ಗೇಜ್ ಹಾಕಬಹುದು. ಪುಟ್ಟ ಪಂಪಿಗೆ ಕ್ಯಾಲಿಬ್ರೇಷನ್ ಕಾಲಮ್ಮೇ (ಅಳತೆ ಗೆರೆ ಇರುವ ಪಾರದರ್ಶಕ ಕೊಳವೆ) ಗೇಜ್. ಹೆಚ್ಚಿನ ಕಡೆ ಕಾಲಮ್ ಇರುವುದು ಸ್ಟ್ರೈನರ್ ದಾಟಿದ ಮೇಲೆ, ಪಂಪಿನ ಮೊದಲು. ಟ್ಯಾಂಕಿನ ವಾಲ್ವ್ ಮುಚ್ಚಿ ಕಾಲಮ್ಮಿನಿಂದ ಹೀರಿಸಿದಾಗ ಸ್ಟ್ರೈನರ್ ಆ ದಾರಿಯಲ್ಲಿ ಇರುವುದೇ ಇಲ್ಲ. ಹಾಗಾಗಿ ಗಂಟೆಗೆ 3 ಲೀಟರಿನ ಪಂಪ್ ಕಾಲಮ್ಮಿನಿಂದ ನಿಮಿಷಕ್ಕೆ 50 ಮಿಲಿ ಸರಿಯಾಗಿ ಎಳೆಯುತ್ತಿದೆ, ಆದರೆ ಟ್ಯಾಂಕಿನ ಮಟ್ಟ ಅಷ್ಟು ಇಳಿಯುತ್ತಿಲ್ಲ ಅಂದರೆ ಪಂಪ್ ಚೆನ್ನಾಗಿದೆ, ಸ್ಟ್ರೈನರ್ ಕಟ್ಟಿದೆ. ಕಾಲಮ್ಮೇ 50 ಕೊಡದಿದ್ದರೆ ಪಂಪಿನ ಗೋಲಿ ನೋಡಿ. ಇನ್ನೂ ಸುಲಭದ ಪರೀಕ್ಷೆ ಬೇಕಾದರೆ ಟ್ಯಾಂಕಿನ ವಾಲ್ವ್ ತೆರೆದು ಖಾಲಿ ಕಾಲಮ್ ಎಷ್ಟು ಬೇಗ ತುಂಬುತ್ತದೆ ನೋಡಿ. ಸ್ಟ್ರೈನರ್ ಚೊಕ್ಕಟವಾಗಿದ್ದಾಗ ಬುಳಕ್ ಅಂತ ಏರುತ್ತದೆ, ಕಟ್ಟಿದಾಗ ತೆವಳುತ್ತದೆ.

ತೊಳೆಯುವಾಗ ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಹೈಪೋ ಸ್ಟ್ರೈನರಿನ ಮೇಲೆ ಬಿಳಿ ಸುಣ್ಣ ಕಟ್ಟಿದಾಗ ಆಸಿಡ್‌ನಲ್ಲಿ ಅದ್ದಿ ತೊಳೆಯುವ ಅಭ್ಯಾಸ ಇದೆ. ಜಾಲರಿಯಲ್ಲಿ ಹೈಪೋ ಉಳಿದಿದ್ದರೆ ಅಲ್ಲೇ ಕ್ಲೋರಿನ್ ಗ್ಯಾಸ್ ಏಳುತ್ತದೆ. ಮುಚ್ಚಿದ ಡೋಸಿಂಗ್ ರೂಮಿನಲ್ಲಿ ಅದು ಜೀವಕ್ಕೆ ಅಪಾಯ. ಮೊದಲು ಧಾರಾಳ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಹೊರಗೆ ಗಾಳಿಯಲ್ಲಿ, ತೆಳುವಾದ ಆಸಿಡ್‌ನಲ್ಲಿ. ಕೈಗವಸು, ಕನ್ನಡಕ ಇಲ್ಲದೆ ಬೇಡ. ಜಾಲರಿ ಅಗ್ಗದ್ದಾದರೆ ಹೊಸದೇ ಹಾಕಿ, ಹಳೆಯದನ್ನು ಬಿಸಾಡಿ. ಆಸಿಡ್ ಲೈನಿನ ಸ್ಟ್ರೈನರ್ ಮತ್ತು ಹೈಪೋ ಲೈನಿನ ಸ್ಟ್ರೈನರ್ ಒಂದೇ ಮಾಡೆಲ್ ಆಗಿದ್ದರೆ ಕ್ಯಾಪಿಗೆ ಬೇರೆ ಬೇರೆ ಬಣ್ಣ ಬಳಿದಿಡಿ, ಬಿಚ್ಚಿದ ಭಾಗಗಳು ಅದಲುಬದಲಾಗಬಾರದು.

ಆರ್ಡರಿನಲ್ಲಿ ಬರೆಯುವುದು, ಮಾಲು ಬಂದಾಗ ನೋಡುವುದು

ಎನ್‌ಕ್ವೈರಿಯಲ್ಲಿ ಬರೀ 'ವೈ-ಸ್ಟ್ರೈನರ್ 20 ಎಂಎಂ' ಅಂತ ಬರೆದರೆ ಅವರಿಗೆ ತೋಚಿದ್ದು ಬರುತ್ತದೆ. ಕೆಮಿಕಲ್ ಹೆಸರು, ಶೇಕಡಾ ಎಷ್ಟು, ಉಷ್ಣತೆ, ಸಕ್ಷನ್ನೋ ಡೆಲಿವರಿಯೋ, ಪಂಪಿನ ಸರಾಸರಿ ಹರಿವು ಮತ್ತು ಅದರ ಮೂರು ಪಟ್ಟಿನ ಗರಿಷ್ಠ ಹರಿವು, ಮೆಶ್ ಎಷ್ಟು, ಮೈ ಯಾವುದು, ಜಾಲರಿ ಯಾವುದು, ಓ-ರಿಂಗ್ ಯಾವುದು. ಜೊತೆಗೆ ಎರಡು ಬಿಡಿ ಜಾಲರಿ, ಒಂದು ಸೆಟ್ ಓ-ರಿಂಗ್. ಬಿಡಿ ಜಾಲರಿ ಕೈಗೆ ಸಿಕ್ಕರೆ ಆಪರೇಟರ್ ಕಟ್ಟಿದ್ದನ್ನು ತೆಗೆದು ಹೊಸದು ಹಾಕಿ, ಹಳೆಯದನ್ನು ಆಮೇಲೆ ನಿಧಾನಕ್ಕೆ ತೊಳೆಯುತ್ತಾನೆ. ಸಿಗದಿದ್ದರೆ ಖಾಲಿ ಡಬ್ಬ ಹಾಕಿ ಪಂಪ್ ಚಾಲೂ ಮಾಡುತ್ತಾನೆ.

ಮಾಲು ಬಂದಾಗ ಪೆಟ್ಟಿಗೆ ಮೇಲಿನ ಲೇಬಲ್ ನೋಡಿ ಸಹಿ ಹಾಕಬೇಡಿ, ಬಿಚ್ಚಿ ನೋಡಿ. ಮೆಶ್ ಎಣಿಸುವುದು ಕಷ್ಟವಲ್ಲ. ಒಂದು ಭೂತಗನ್ನಡಿ, ಒಂದು ಸ್ಕೇಲ್ ಸಾಕು. ಒಂದು ಸೆಂಟಿಮೀಟರಿನಲ್ಲಿ 16 ಕಣ್ಣು ಇದ್ದರೆ ಅದು 40 ಮೆಶ್, 24 ಇದ್ದರೆ 60, 40ರ ಹತ್ತಿರ ಇದ್ದರೆ 100. ಎಸ್‌ಎಸ್ 316 ಅಂತ ದುಡ್ಡು ಕೊಟ್ಟಿದ್ದರೆ ಅಯಸ್ಕಾಂತ ಹಿಡಿದು ನೋಡುವುದರಿಂದ ಏನೂ ತಿಳಿಯುವುದಿಲ್ಲ, 304ಕ್ಕೂ 316ಕ್ಕೂ ಅದರಲ್ಲಿ ವ್ಯತ್ಯಾಸ ಕಾಣುವುದಿಲ್ಲ. 316ರಲ್ಲಿ ಮಾಲಿಬ್ಡಿನಂ ಇರುತ್ತದೆ, 304ರಲ್ಲಿ ಇರುವುದಿಲ್ಲ. ಅದನ್ನು ತೋರಿಸುವ ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಸಿಗುತ್ತದೆ. ಮೈಗೆ ಒಂದು ಹನಿ ಹಾಕಿ ಸುಮ್ಮನಾಗಬೇಡಿ, ಜಾಲರಿಗೂ ಹಾಕಿ. 316ರ ಮೈಯೊಳಗೆ 304ರ ಜಾಲರಿ ಕೂತಿರುವುದು ಅಪರೂಪವೇನಲ್ಲ.